ಸೊನ್ನೆ ಕೆಲಸ

1984ರ ಮಾತು. ದಾವಣಗೆರೆಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರಾಗಿ ಸೇರಿ ಮೂರು ವರ್ಷವಾಗಿತ್ತು. ಮಧ್ಯಾಹ್ನದ ಬುತ್ತಿ ಮುಗಿದ ಮೇಲಿನ ಮೊದಲ ಪೀರಿಯಡ್ಡು; ಅರ್ಧ ಕ್ಲಾಸಿಗೆ ತೂಕಡಿಕೆ. ಅವತ್ತಿನ ಪಾಠ ‘ಕೆಲಸ ಮತ್ತು ಶಕ್ತಿ’. ಬಲ ಹಾಕಿದರಷ್ಟೇ ಸಾಲದು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿಯಬೇಕು, ಆಗ ಮಾತ್ರ ಕೆಲಸವಾಯಿತು ಎನ್ನಬೇಕು; ಬಲವನ್ನು ಸರಿದ ದೂರದಿಂದ ಗುಣಿಸಿದರೆ ಎಷ್ಟು ಕೆಲಸವೆಂದು ತಿಳಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಆಮೇಲೆ, ಆ ಪಾಠ ಮಾಡುವವರೆಲ್ಲ ಕೊಡುವ ಉದಾಹರಣೆಯನ್ನೇ ನಾನೂ ಕೊಟ್ಟೆ. ರೈಲ್ವೆ ಸ್ಟೇಷನ್ನಿನಲ್ಲಿ ಕೂಲಿಯವನೊಬ್ಬ ಟ್ರಂಕನ್ನು ತಲೆಯ ಮೇಲೆ ಹೊತ್ತು, ಸಮತಟ್ಟಾದ ಪ್ಲಾಟ್‌ಫಾರಂ ಮೇಲೆ ನೂರು ಮೀಟರ್ ನಡೆಯುತ್ತಾನೆ. ಟ್ರಂಕಿನ ಭಾರ ಕೆಳಕ್ಕೆ, ತಲೆ ಕೊಡುವ ಆಸರೆ ಮೇಲಕ್ಕೆ, ಅವನು ನಡೆಯುವುದು ಮುಂದಕ್ಕೆ. ಟ್ರಂಕು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಆದ್ದರಿಂದ ಭೂಮಿಯ ಸೆಳೆತಕ್ಕೆ ಎದುರಾಗಿ ಅವನು ಮಾಡಿದ ಕೆಲಸ ಸೊನ್ನೆ.

ಈ ಉದಾಹರಣೆ ನನಗೆ ಬಹಳ ಇಷ್ಟ. ‘ಸೊನ್ನೆ’ ಎಂದ ಕೂಡಲೇ ತೂಕಡಿಸುವವರೂ ಕಣ್ಣು ಬಿಡುತ್ತಿದ್ದರು. ವಿಜ್ಞಾನವೆಂದರೆ ಹೀಗೆ ಲೋಕದ ಮಾತಿಗೆ ಸೆಡ್ಡು ಹೊಡೆಯುವುದು ಎಂದು ನನಗೂ ಸ್ವಲ್ಪ ಹೆಮ್ಮೆ. ಅವತ್ತು ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಹತ್ತಿರದ ಹಳ್ಳಿಯಿಂದ ನಡೆದು ಬರುತ್ತಿದ್ದವಳು, ಎಂದೂ ಬಾಯಿ ಬಿಡದವಳು.

“ಮಿಸ್, ನಮ್ಮವ್ವ ದಿನಾ ಎಂಟು ಕೊಡ ನೀರು ಹೊತ್ತು ತರ್ತಾಳೆ. ದಾರಿ ಸಮ ಐತೆ. ಹಂಗಾರೆ ನಮ್ಮವ್ವ ಮಾಡಿದ ಕೆಲ್ಸ ಸೊನ್ನೆನಾ?”

ಕ್ಲಾಸು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. “ಮನೆಯಲ್ಲಿ ಏನಾದರೂ ಅನ್ನಿ, ಪರೀಕ್ಷೆಯಲ್ಲಿ ಸೊನ್ನೆ ಅಂತಲೇ ಬರೆಯಬೇಕು” ಎಂದು ಕೂರಿಸಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನೇ ಕೇಳಿದ್ದೆ, ಎರಡು ಅಂಕಕ್ಕೆ. ಆ ಹುಡುಗಿ ಬರೆದದ್ದು ಒಂದೇ ಸಾಲು: ‘ಸೊನ್ನೆ ಅಲ್ಲ, ಬಹಳ ಕೆಲಸ’. ಕೆಂಪು ಮಸಿಯಲ್ಲಿ ಸೊನ್ನೆ ಸುತ್ತಿದೆ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಏಕೆಂದು ನಾನು ವಿಚಾರಿಸಲೂ ಇಲ್ಲ.

ವಿಚಿತ್ರ ನೋಡಿ, ಆ ಪ್ರಶ್ನೆಯನ್ನು ಅವಳು ಕೇಳುವ ಮೊದಲು ನಾನೇ ಕೇಳಬೇಕಿತ್ತು. ನಮ್ಮೂರು ಚಿತ್ರದುರ್ಗದ ಕಡೆಯ ಬಯಲುಸೀಮೆ. ಊರೊಳಗಿನ ಬಾವಿಯ ನೀರು ಸಪ್ಪೆ, ಉಪ್ಪು, ಬೇಳೆಯೂ ಬೇಯದು. ಕುಡಿಯುವ ನೀರಿಗೆ ಊರಾಚೆಯ ತೋಟದ ಬಾವಿಗೇ ಹೋಗಬೇಕು, ಅರ್ಧ ಕಿಲೋಮೀಟರ್. ಬೆಳಗಿನ ಜಾವ ನಮ್ಮವ್ವ ಹಳೇ ಸೀರೆಯ ಚೂರನ್ನು ಸುತ್ತಿ ಸಿಂಬೆ ಮಾಡಿ, ತಲೆಯ ಮೇಲೊಂದು ತಾಮ್ರದ ಕೊಡ, ಸೊಂಟದಲ್ಲೊಂದು ಬಿಂದಿಗೆ ಇಟ್ಟು ಹೊರಡುತ್ತಿದ್ದಳು. ಬರುವಾಗ ಅವಳ ಕತ್ತು ಅಲುಗುತ್ತಿರಲಿಲ್ಲ, ಸೊಂಟದ ಕೆಳಗೆ ಮಾತ್ರ ನಡಿಗೆ. ಕೊಡದ ಬಾಯಿಗೆ ಒಂದು ಹಿಡಿ ಹಸಿರೆಲೆ ತೇಲಿಬಿಟ್ಟಿರುತ್ತಿದ್ದಳು, ನೀರು ತುಳುಕದಿರಲಿ ಎಂದು. ನಾನು ಆರೇಳು ವರ್ಷದವಳಿದ್ದಾಗ ಚಿಕ್ಕ ತಂಬಿಗೆ ಹೊತ್ತು ಹಿಂದೆ ಹಿಂದೆ ಓಡುತ್ತಿದ್ದೆ. ಮನೆ ಸೇರುವ ಹೊತ್ತಿಗೆ ನನ್ನ ತಂಬಿಗೆಯಲ್ಲಿ ಅರ್ಧ ನೀರು, ಲಂಗವೆಲ್ಲ ಒದ್ದೆ. “ಓಡಬ್ಯಾಡ, ನಡಿ. ನೀರಿಗೆ ಗೊತ್ತಾಗದಂಗೆ ನಡೀಬೇಕು” ಎನ್ನುತ್ತಿದ್ದಳು. ಚಲನೆಯ ಬಗ್ಗೆ ನಾನು ಕೇಳಿದ ಮೊದಲ ಪಾಠ ಅದೇ. ಬಿ.ಎಸ್ಸಿ. ಓದುವಾಗ ಅದು ಮರೆತೇ ಹೋಗಿತ್ತು.

1996ರಲ್ಲಿ ಅವ್ವನಿಗೆ ಕತ್ತು ತಿರುಗಿಸಲಾಗದಂತೆ ನೋವು ಬಂತು, ಎಡಗೈ ಜೋಮು. ದಾವಣಗೆರೆಗೆ ಕರೆಸಿಕೊಂಡು ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಕತ್ತಿನ ಮೂಳೆಗಳು ಸವೆದಿವೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಅಮ್ಮನವರು ಏನು ಕೆಲಸ ಮಾಡ್ತಿದ್ದರು?” ಎಂದು ಕೇಳಿದರು.

“ಏನೂ ಇಲ್ಲ ಡಾಕ್ಟ್ರೇ, ಮನೇಲೇ ಇದ್ದರು” ಎಂದೆ.

ಮಾತು ಬಾಯಿಂದ ಬಿದ್ದ ಕ್ಷಣ ಆ ಮೂರನೇ ಬೆಂಚಿನ ಹುಡುಗಿ ಕಣ್ಣ ಮುಂದೆ ಎದ್ದು ನಿಂತಳು. ಅವ್ವ ಏನೂ ಅನ್ನಲಿಲ್ಲ. ಗೋಡೆ ನೋಡುತ್ತ ಕೂತಿದ್ದಳು. ಹನ್ನೆರಡು ವರ್ಷದ ಹಿಂದೆ ಬೇರೆಯವರ ಅವ್ವನಿಗೆ ಕೊಟ್ಟ ಸೊನ್ನೆಯನ್ನು ಇವತ್ತು ನನ್ನ ಅವ್ವನಿಗೇ ಕೊಟ್ಟಿದ್ದೆ. ಅದೂ ಸೂತ್ರದ ಹಂಗಿಲ್ಲದೆ.

ಆಮೇಲೆ ನನಗೊಂದು ಹಟ ಹಿಡಿಯಿತು. ಈ ಸೊನ್ನೆ ಎಲ್ಲಿಂದ ಬಂತು, ಯಾರು ಹುಟ್ಟಿಸಿದರು, ಅದಕ್ಕೆ ಮೊದಲು ಜನ ಚಲನೆಯನ್ನು ಹೇಗೆ ತಿಳಿದಿದ್ದರು ಎಂದು ಓದತೊಡಗಿದೆ. ರಜೆಗಳಲ್ಲಿ ಲೈಬ್ರರಿ, ಉಳಿದಂತೆ ಕೈಗೆ ಸಿಕ್ಕಿದ ಪುಸ್ತಕ. ಹೀಗೆ ಓದುವುದಕ್ಕೇ ಹತ್ತು ವರ್ಷ ಹಿಡಿಯಿತೆನ್ನಿ.

ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಪಂಡಿತ ಅರಿಸ್ಟಾಟಲ್ ಚಲನೆಯ ಬಗ್ಗೆ ಬರೆದದ್ದನ್ನು ನಾವು ಪಾಠದಲ್ಲಿ ‘ತಪ್ಪು ಕಲ್ಪನೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ದೂಡುವವರಿದ್ದರೆ ಗಾಡಿ ಹೋಗುತ್ತದೆ, ದೂಡುವುದು ನಿಂತರೆ ಗಾಡಿಯೂ ನಿಲ್ಲುತ್ತದೆ ಎನ್ನುವುದು ಅವನ ದಾರಿ. ಆದರೆ ಪ್ರತಿವರ್ಷ ಹೊಸದಾಗಿ ಬರುವ ಐವತ್ತು ಹುಡುಗಿಯರನ್ನು ಕೇಳಿದರೆ ನಲವತ್ತೈದು ಜನ ಅವನ ಉತ್ತರವನ್ನೇ ಹೇಳುತ್ತಾರೆ. ಅವರು ದಡ್ಡರಲ್ಲ. ಬೀಸುವ ಕಲ್ಲನ್ನು ಬಿಟ್ಟರೆ ನಿಲ್ಲುವುದನ್ನು ಕಂಡವರು. ಅರಿಸ್ಟಾಟಲ್ ಚಲನೆಯನ್ನು ನೋಡಿದ್ದು ಇಂಥ ಲೋಕದಲ್ಲೇ. ಪ್ರಾಣಿಗಳು ಹೇಗೆ ಚಲಿಸುತ್ತವೆ, ಹೇಗೆ ಹೆಜ್ಜೆ ಇಡುತ್ತವೆ ಎಂದೇ ಅವನು ಬೇರೆ ಬೇರೆ ಗ್ರಂಥ ಬರೆದಿದ್ದಾನೆ. ಅವನ ಚಲನೆಯಲ್ಲಿ ದೇಹವಿತ್ತು, ದಣಿವಿತ್ತು.

ಅದನ್ನು ಬದಲಿಸಿದವನು ಇಟಲಿಯ ಗೆಲಿಲಿಯೋ. ಪೀಸಾದ ಚರ್ಚಿನಲ್ಲಿ ತೂಗುದೀಪ ಓಲಾಡುವುದನ್ನು ನೋಡಿ, ತನ್ನ ನಾಡಿಬಡಿತದಿಂದಲೇ ಲೆಕ್ಕ ಹಾಕಿದ ಎಂಬ ಕಥೆಯನ್ನು ಅವನ ಶಿಷ್ಯ ವಿವಿಯಾನಿ ಬರೆದಿಟ್ಟಿದ್ದಾನೆ. ಕಥೆ ನಿಜವೋ ಅಲಂಕಾರವೋ, ಲೋಲಕದ ಮೇಲೆ ಅವನಿಗಿದ್ದ ಒಲವು ಮಾತ್ರ ನಿಜ. ಬೀಳುವ ವಸ್ತು ಅಳತೆಗೆ ಸಿಗದಷ್ಟು ಬೇಗ ಬೀಳುತ್ತದೆಂದು ಅವನು ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿದ. ಕಾಲ ಅಳೆಯಲು ಆಗ ಒಳ್ಳೆಯ ಗಡಿಯಾರವೆಲ್ಲಿ? ದೊಡ್ಡ ಪಾತ್ರೆಯ ನೀರನ್ನು ಸಣ್ಣ ಕೊಳವೆಯಿಂದ ಲೋಟಕ್ಕೆ ಬಿಟ್ಟು, ಬಿದ್ದ ನೀರನ್ನು ತೂಗಿ, ಆ ತೂಕದಿಂದ ಹೊತ್ತನ್ನು ಲೆಕ್ಕ ಹಾಕಿದ. ಆಧುನಿಕ ಚಲನಶಾಸ್ತ್ರ ಶುರುವಾದದ್ದು ನೀರಿನ ಪಾತ್ರೆಯಿಂದ ಎಂದು ಓದಿದಾಗ ನನಗೆ ಅವ್ವನ ಕೊಡ ನೆನಪಾಗಿ ನಗು ಬಂತು.

1633ರಲ್ಲಿ ಚರ್ಚಿನ ವಿಚಾರಣೆಯಲ್ಲಿ ಅವನಿಗೆ ಗೃಹಬಂಧನವಾಯಿತು. ಮರುವರ್ಷ, ಸನ್ಯಾಸಿನಿಯಾಗಿ ಹತ್ತಿರದ ಮಠದಲ್ಲಿದ್ದ ಅವನ ಪ್ರೀತಿಯ ಮಗಳು ಮರಿಯಾ ಚೆಲೆಸ್ತೆ 33ರ ವಯಸ್ಸಿಗೇ ತೀರಿಕೊಂಡಳು. ಆ ದುಃಖದಲ್ಲೂ, ಕಣ್ಣು ಮಂಜಾಗುತ್ತಿದ್ದಾಗಲೂ ಅವನು ಬರೆದು ಮುಗಿಸಿದ ‘ಎರಡು ಹೊಸ ವಿಜ್ಞಾನಗಳು’ 1638ರಲ್ಲಿ ದೂರದ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಅವನ ಯುಕ್ತಿ ಏನೆಂದರೆ, ತಿಕ್ಕಾಟವನ್ನು ತೆಗೆದುಬಿಡಿ, ಗಾಳಿಯನ್ನು ತೆಗೆದುಬಿಡಿ, ಉಳಿದ ಚಲನೆಯನ್ನು ನೋಡಿ. 1687ರಲ್ಲಿ ನ್ಯೂಟನ್ ಅದನ್ನೇ ಮೂರು ನಿಯಮಗಳಲ್ಲಿ ಕಟ್ಟಿಕೊಟ್ಟ. ಸೇಬು, ಚಂದ್ರ, ಗಾಡಿ ಎಲ್ಲವೂ ಒಂದೇ ಲೆಕ್ಕಕ್ಕೆ ಬಂದವು. ಹೀಗೆ ಬೇಡದ್ದನ್ನು ತೆಗೆದದ್ದರಿಂದಲೇ ಚಲನೆ ಅರ್ಥವಾಯಿತು. ಅದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಹಾಗೆ ತೆಗೆಯುವಾಗ ತಿಕ್ಕಾಟದ ಜೊತೆಗೆ ಹೊರೆ ಹೊತ್ತವರ ದಣಿವೂ ಹೊರಗೆ ಹೋಯಿತು.

ಹಾಗಾದರೆ ಸೊನ್ನೆಯ ಕಥೆ? ಅದು ಫ್ರಾನ್ಸಿನದು. ವಿದ್ಯುತ್ತಿನ ಪಾಠದಲ್ಲಿ ಬರುವ ಕೂಲಂಬ್ ಹೆಸರು ನಿಮಗೆ ನೆನಪಿರಬಹುದು. ಅವನು ವೃತ್ತಿಯಿಂದ ಸೈನ್ಯದ ಇಂಜಿನಿಯರು. ಕೋಟೆ ಕಟ್ಟಿಸುವಾಗ ಕೂಲಿಗಳನ್ನು ಹತ್ತಿರದಿಂದ ಕಂಡವನು. ಮನುಷ್ಯ ದಿನಕ್ಕೆ ಎಷ್ಟು ದುಡಿಯಬಲ್ಲ ಎಂದು ಅವನೊಂದು ದೀರ್ಘ ಪ್ರಬಂಧ ಬರೆದು 1798ರಲ್ಲಿ ಪ್ಯಾರಿಸ್ಸಿನಲ್ಲಿ ಓದಿದ. ಕಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವವರು, ಸಮನೆಲದಲ್ಲಿ ಹೊರೆ ಸಾಗಿಸುವವರು, ಸಲಿಕೆ ಹಿಡಿದು ಅಗೆಯುವವರು ಎಲ್ಲರ ಲೆಕ್ಕವೂ ಅದರಲ್ಲಿದೆ. ಮೊದಲಲ್ಲೇ ಅವನೊಂದು ಮಾತು ಹೇಳುತ್ತಾನೆ: ದುಡಿಮೆಯಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆ ನೋಡಬೇಕು, ದುಡಿಮೆಯಿಂದ ಆದ ಫಲ ಒಂದು, ಅದನ್ನು ಮಾಡುವವನಿಗೆ ಆಗುವ ದಣಿವು ಇನ್ನೊಂದು. ಇದನ್ನು ಓದಿ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಮೂರನೇ ಬೆಂಚಿನ ಹುಡುಗಿ ಕೇಳಿದ್ದು ಎರಡನೆಯದನ್ನು, ನಾನು ಉತ್ತರ ಕೊಟ್ಟದ್ದು ಮೊದಲನೆಯದಕ್ಕೆ.

ಮೂವತ್ತು ವರ್ಷ ಕಳೆದ ಮೇಲೆ, 1829ರಲ್ಲಿ, ಅದೇ ಪ್ಯಾರಿಸ್ಸಿನ ಮೇಷ್ಟರು ಕೊರಿಯೊಲಿಸ್ ಯಂತ್ರಗಳ ಬಗ್ಗೆ ಪುಸ್ತಕ ಬರೆದ. ಅದು ಕಾರ್ಖಾನೆಗಳ ಕಾಲ. ನೀರಿನ ಚಕ್ರ, ಉಗಿಯಂತ್ರ, ಕುದುರೆ, ಮನುಷ್ಯ ಎಲ್ಲವನ್ನೂ ಅಳೆಯಲು ಒಂದೇ ಗಜಕಡ್ಡಿ ಬೇಕಿತ್ತು. ಬಲವನ್ನು ಸರಿದ ದೂರದಿಂದ ಗುಣಿಸಿದ ಮೊತ್ತಕ್ಕೆ ಅವನು ‘ಕೆಲಸ’ ಎಂದೇ ಹೆಸರಿಟ್ಟ. ಎಷ್ಟು ನೀರನ್ನು ಎಷ್ಟು ಎತ್ತರಕ್ಕೆ ಏರಿಸಿತು ಎಂದು ಪಂಪಿಗೆ ಕೇಳುವ ಪ್ರಶ್ನೆಗೆ ಅದು ಸರಿಯಾದ ಅಳತೆ. ಹೀಗೆ ಜನರ ದುಡಿಮೆಯನ್ನು ಕಂಡೇ ಹುಟ್ಟಿದ ಮಾತು ಶಾಲೆಯ ಪುಸ್ತಕಕ್ಕೆ ಬರುವ ಹೊತ್ತಿಗೆ ಫಲದ ಲೆಕ್ಕವಷ್ಟೇ ಉಳಿದು, ದಣಿವಿನ ಲೆಕ್ಕ ಕಳಚಿಹೋಯಿತು. ಶಬ್ದ ಮಾತ್ರ ಅದೇ, ನಮ್ಮ ಅಡಿಗೆಮನೆಯ ‘ಕೆಲಸ’. ಬೇರೆ ಶಬ್ದವಿದ್ದಿದ್ದರೆ ಆ ಹುಡುಗಿ ಎದ್ದು ನಿಲ್ಲುತ್ತಲೇ ಇರಲಿಲ್ಲವೇನೋ.

ದಣಿವಿನ ಲೆಕ್ಕ ಹಾಕಿದವರು ಇರಲಿಲ್ಲವೆಂದಲ್ಲ. 1790ರ ಸುಮಾರಿಗೆ ಲವಾಸಿಯೇ ಎಂಬ ರಸಾಯನಶಾಸ್ತ್ರಜ್ಞ, ತನ್ನ ಜೊತೆಗಾರ ಸೆಗೆಯ್ನನ ಮುಖಕ್ಕೆ ಮುಖವಾಡ ಕಟ್ಟಿ, ಸುಮ್ಮನೆ ಕೂತಾಗ ಎಷ್ಟು ಆಮ್ಲಜನಕ ಬಳಸುತ್ತಾನೆ, ಕಾಲಿನಿಂದ ತುಳಿಯುವ ಕೆಲಸ ಮಾಡುವಾಗ ಎಷ್ಟು ಎಂದು ಅಳೆದ. ದುಡಿದಷ್ಟೂ ಉಸಿರಿನ ಖರ್ಚು ಹೆಚ್ಚು. ಆ ಪ್ರಯೋಗದ ಚಿತ್ರಗಳು ಉಳಿದಿವೆ. ಬರೆದವಳು ಲವಾಸಿಯೇಯ ಹೆಂಡತಿ ಮರಿ ಆನ್. ಚಿತ್ರದ ಒಂದು ಬದಿಗೆ ಮೇಜಿನ ಮುಂದೆ ಕೂತು ಲೆಕ್ಕ ಬರೆದುಕೊಳ್ಳುತ್ತಿರುವ ಹೆಂಗಸೂ ಇದ್ದಾಳೆ, ಅದು ಅವಳೇ. ಕ್ರಾಂತಿಯ ಗದ್ದಲದಲ್ಲಿ 1794ರಲ್ಲಿ ಗಂಡನ ತಲೆ ಹಾರಿತು. ಚಿತ್ರ ಉಳಿಯಿತು.

ಈ ಓದನ್ನು ಮುಂದಕ್ಕೆ ನಡೆಸಿದವಳು ನನ್ನ ಮಗಳು. ಅವಳು ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಓದಲು ಸೇರಿದಳು. ನಾನು ಕಲಿಸುವುದು ಗುಂಡು, ಗಾಡಿಗಳ ಚಲನೆ. ಅವಳು ಕಲಿಯುವುದು ಮಂಡಿ, ಸೊಂಟ, ಹಿಮ್ಮಡಿಗಳ ಚಲನೆ. 2006ರ ರಜೆಯಲ್ಲಿ ಬಂದವಳು ಪಡಸಾಲೆಯಲ್ಲಿ ಅಜ್ಜಿಯನ್ನು ಆಚೆಗೂ ಈಚೆಗೂ ನಡೆಸಿ, ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಕೂತಳು. “ನನ್ನೇನು ಕುದುರೆ ಅಂದ್ಕಂಡಿಯಾ?” ಎಂದು ಅವ್ವ ಬೈದಳು. ಅವ್ವನ ಮಾತು ಸುಳ್ಳಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಯ್‌ಬ್ರಿಜ್ ಎಂಬ ಫೋಟೋಗ್ರಾಫರು ಸಾಲು ಕ್ಯಾಮೆರಾ ಇಟ್ಟು ಓಡುವ ಕುದುರೆಯ ಚಿತ್ರ ತೆಗೆದು, ನಾಲ್ಕೂ ಕಾಲು ನೆಲ ಬಿಟ್ಟಿರುವ ಗಳಿಗೆ ಇದೆ ಎಂದು ತೋರಿಸಿದ. ಆಮೇಲೆ ಮನುಷ್ಯರ ಸರದಿ. ಅವನ 1887ರ ಚಿತ್ರಸಂಪುಟದಲ್ಲಿ ತಲೆಯ ಮೇಲೆ ಕೊಡ ಇಟ್ಟು ನಡೆಯುವ ಹೆಂಗಸರೂ ಇದ್ದಾರೆ.

ಮಗಳ ಪುಸ್ತಕದಲ್ಲಿ ಅದಕ್ಕೂ ಹಿಂದಿನವರಿದ್ದರು. ಗೆಲಿಲಿಯೋನ ದಾರಿಯಲ್ಲೇ ನಡೆದ ಬೊರೆಲ್ಲಿ ಪ್ರಾಣಿಗಳ ಚಲನೆಯ ಬಗ್ಗೆ ದೊಡ್ಡ ಗ್ರಂಥ ಬರೆದ. ನಮ್ಮ ಮೂಳೆಗಳು ಸನ್ನೆಗೋಲುಗಳಿದ್ದಂತೆ. ಆದರೆ ಸ್ನಾಯು ಕೀಲಿಗೆ ತೀರ ಹತ್ತಿರ ಅಂಟಿಕೊಂಡಿರುವುದರಿಂದ, ಕೈಯಲ್ಲಿ ಹಿಡಿದ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಲದಿಂದ ಅದು ಎಳೆಯಬೇಕಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. ಅಚ್ಚಿಗೆ ದುಡ್ಡಿಲ್ಲದೆ ಕೊರಗುತ್ತಿದ್ದ ಅವನಿಗೆ ಒದಗಿದವಳು, ಪಟ್ಟ ಬಿಟ್ಟು ರೋಮಿನಲ್ಲಿ ನೆಲೆಸಿದ್ದ ಸ್ವೀಡನ್ನಿನ ರಾಣಿ ಕ್ರಿಸ್ಟೀನಾ. ಪುಸ್ತಕ ಬಂದದ್ದು 1680ರಲ್ಲಿ. ಅಷ್ಟರಲ್ಲಿ ಬೊರೆಲ್ಲಿ ತೀರಿಕೊಂಡಿದ್ದ. 1836ರಲ್ಲಿ ಜರ್ಮನಿಯ ವೇಬರ್ ಸೋದರರು, ನಡೆಯುವಾಗ ಕಾಲು ಲೋಲಕದಂತೆ ತೂಗುತ್ತದೆ ಎಂದರು. ಅದು ಪೂರ್ತಿ ನಿಜವಲ್ಲ, ಸ್ನಾಯುವೂ ಎಳೆಯುತ್ತದೆ ಎಂದು ತೋರಿಸಿದ್ದು ಅದೇ ನಾಡಿನ ಬ್ರೌನ ಮತ್ತು ಫಿಷರ್. 1890ರ ದಶಕದಲ್ಲಿ ಅವರು ಒಬ್ಬನ ಮೈಗೆಲ್ಲ ಬೆಳಗುವ ಗಾಜಿನ ನಳಿಗೆ ಕಟ್ಟಿ, ಕತ್ತಲಲ್ಲಿ ನಡೆಸಿ ಚಿತ್ರ ತೆಗೆದರು. ಅವನು ನಡೆದದ್ದು ನಾಲ್ಕು ಹೆಜ್ಜೆ; ಅದರ ಲೆಕ್ಕಕ್ಕೆ ತಿಂಗಳುಗಟ್ಟಲೆ.

“ನೋಡಮ್ಮ” ಎಂದಳು ಮಗಳು, “ನಿನ್ನ ಕೂಲಿಯವನ ಟ್ರಂಕು ಮೇಲೂ ಹೋಗಲ್ಲ ಕೆಳಗೂ ಬರಲ್ಲ ಅಂತೀಯಲ್ಲ, ಅದೇ ತಪ್ಪು. ಅವನಿಗೆ ಚಕ್ರ ಇಲ್ಲ, ಕಾಲಿದೆ. ಪ್ರತಿ ಹೆಜ್ಜೆಗೂ ಮೈ ಒಂದಿಷ್ಟು ಏಳುತ್ತೆ, ಒಂದಿಷ್ಟು ಇಳಿಯುತ್ತೆ.”

ಲೆಕ್ಕ ಹಾಕಲು ಕೂತೆ. ಒಂದು ಹೆಜ್ಜೆಗೆ ಮೂರು ಸೆಂಟಿಮೀಟರ್ ಏಳುತ್ತದೆಂದು ಇಟ್ಟುಕೊಳ್ಳಿ. ಅರ್ಧ ಕಿಲೋಮೀಟರಿಗೆ ಎಂಟುನೂರು ಹೆಜ್ಜೆ. ಒಟ್ಟು 24 ಮೀಟರ್. ಎಂಟು ಅಂತಸ್ತಿನ ಕಟ್ಟಡದ ಎತ್ತರ. ಒಂದು ಕೊಡಕ್ಕೆ! ಹಾಗಿದ್ದೂ ನಾವು ನಡೆಯುವುದು ಸಲೀಸಾಗಿಯೇ, ಏಕೆಂದರೆ ಎದ್ದದ್ದೆಲ್ಲ ದಂಡವಾಗುವುದಿಲ್ಲ. ನೆಲಕ್ಕೂರಿದ ಕಾಲಿನ ಮೇಲೆ ಮೈ ತಲೆಕೆಳಗಾದ ಲೋಲಕದಂತೆ ಓಲುತ್ತದೆ. ಮೇಲೇರುವಾಗ ವೇಗ ತಗ್ಗುತ್ತದೆ, ಇಳಿಯುವಾಗ ಆ ಎತ್ತರವೇ ವೇಗವಾಗಿ ವಾಪಸು ಬರುತ್ತದೆ. ಇಟಲಿಯ ಕವಾನ್ಯ ಮತ್ತು ಅವರ ಜೊತೆಗಾರರು ಅಳೆದ ಪ್ರಕಾರ, ಹದವಾದ ನಡಿಗೆಯಲ್ಲಿ ನೂರಕ್ಕೆ 65ರವರೆಗೆ ಹೀಗೆ ಕೈಬದಲಾಗುತ್ತದೆ. ಉಳಿದದ್ದನ್ನು ಸ್ನಾಯು ತುಂಬಿಕೊಡಬೇಕು. ಪೀಸಾದ ತೂಗುದೀಪ ತಲೆಕೆಳಗಾಗಿ ನಮ್ಮವ್ವನ ಕಾಲಿಗೆ ಬಂದು ಕೂತಿತ್ತು.

ದಣಿವನ್ನು ಕಡಿಮೆ ಮಾಡುವುದನ್ನೇ ಶಾಸ್ತ್ರವಾಗಿಸಿದ ಒಬ್ಬ ಹೆಣ್ಣುಮಗಳ ಬಗ್ಗೆಯೂ ಇಲ್ಲಿ ಹೇಳಬೇಕು. ಅಮೆರಿಕದ ಲಿಲಿಯನ್ ಗಿಲ್ಬ್ರೆತ್. ಗಂಡ ಫ್ರಾಂಕ್ ಇಟ್ಟಿಗೆ ಕಟ್ಟುವ ಕೆಲಸದಲ್ಲಿ ಕೈ ಎಷ್ಟು ಸಲ ಆಡುತ್ತದೆಂದು ಎಣಿಸಿ, ಒಂದು ಇಟ್ಟಿಗೆಗೆ 18 ಇದ್ದದ್ದನ್ನು ಐದಕ್ಕೆ ಇಳಿಸಿದವನು. ಇಬ್ಬರೂ ಸೇರಿ ಕೆಲಸಗಾರರ ಬೆರಳಿಗೆ ಪುಟ್ಟ ದೀಪ ಕಟ್ಟಿ ಕೈಯ ಚಲನೆಯ ಫೋಟೋ ತೆಗೆದರು. 1924ರಲ್ಲಿ ಗಂಡ ತೀರಿಕೊಂಡಾಗ ಲಿಲಿಯನ್‌ಗೆ ಹನ್ನೊಂದು ಮಕ್ಕಳು. ಡಾಕ್ಟರೇಟ್ ಪದವಿ ಇದ್ದರೂ, ಹೆಂಗಸೆಂದು ಎಷ್ಟೋ ಕಾರ್ಖಾನೆಯವರು ಒಪ್ಪಂದ ಮುಂದುವರಿಸಲಿಲ್ಲ. ಆಗ ಅವಳು ಅಡಿಗೆಮನೆಯ ಕಡೆ ತಿರುಗಿದಳು. ಒಲೆ, ಸಿಂಕು, ಕಪಾಟುಗಳನ್ನು ಹೇಗೆ ಜೋಡಿಸಿದರೆ ಹೆಜ್ಜೆ ಉಳಿಯುತ್ತದೆ, ಕಟ್ಟೆ ಎಷ್ಟು ಎತ್ತರವಿದ್ದರೆ ಬೆನ್ನು ನೋಯುವುದಿಲ್ಲ ಎಂದು ಅಳೆದು, 1929ರಲ್ಲಿ ಮಾದರಿ ಅಡಿಗೆಮನೆ ಮಾಡಿ ತೋರಿಸಿದಳು. ಸ್ವತಃ ಅವಳಿಗೆ ಅಡಿಗೆ ಅಷ್ಟಾಗಿ ಬರುತ್ತಿರಲಿಲ್ಲವಂತೆ! ನಮ್ಮ ನಿಂತು ಮಾಡುವ ಅಡಿಗೆ ಕಟ್ಟೆಗೆ ಎಲ್ಲೋ ಅವಳ ಗಾಳಿಯೂ ತಾಗಿದೆ ಎನಿಸುತ್ತದೆ. ಮನೆಯಲ್ಲಿ ನಡೆಯುವುದೂ ಕೆಲಸವೇ, ಅದನ್ನೂ ಅಳೆಯಬೇಕು ಎಂದು ಅವಳು ಲೋಕದ ಮುಂದಿಟ್ಟಳಲ್ಲ, ಅದು ದೊಡ್ಡದು.

ಕೊನೆಗೆ, ಮಗಳು ತೋರಿಸಿದ ಇನ್ನೊಂದು ಬರಹ. 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು. ಕೀನ್ಯಾದ ಲುವೋ ಹೆಂಗಸರು ಹೊರೆಯನ್ನು ತಲೆಯ ಮೇಲೆ ಹೊರುತ್ತಾರೆ; ಕಿಕುಯು ಹೆಂಗಸರು ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ. ಅವರನ್ನು ಓಡುವ ಪಟ್ಟಿಯ ಯಂತ್ರದ ಮೇಲೆ ಹೊರೆಸಮೇತ ನಡೆಸಿ, ಲವಾಸಿಯೇ ಮಾಡಿದಂತೆಯೇ ಉಸಿರಿನ ಆಮ್ಲಜನಕವನ್ನು ಅಳೆದರು. ತಮ್ಮ ತೂಕದ ಐದನೇ ಒಂದು ಪಾಲಿನವರೆಗೂ ಅವರಿಗೆ ಹೆಚ್ಚಿನ ಖರ್ಚೇ ಬೀಳಲಿಲ್ಲ! ಬರಿಗೈಯಲ್ಲಿ ನಡೆದಷ್ಟೇ ಉಸಿರು. 1995ರಲ್ಲಿ ಹೆಗ್ಲಂಡ್, ಕವಾನ್ಯ ಮೊದಲಾದವರು ಕಾರಣ ಹುಡುಕಿದರು. ಹೊರೆ ಹೊತ್ತಾಗ ಆ ಹೆಂಗಸರ ಲೋಲಕ ಇನ್ನೂ ಚೆನ್ನಾಗಿ ತೂಗುತ್ತದೆ. ಎತ್ತರ ವೇಗವಾಗುವಾಗ ಸೋರಿಹೋಗುವುದು ಕಡಿಮೆ. ಚಿಕ್ಕಂದಿನಿಂದ ಹೊತ್ತೂ ಹೊತ್ತೂ ಮೈ ಕಲಿತ ವಿದ್ಯೆ. ‘ನೀರಿಗೆ ಗೊತ್ತಾಗದಂಗೆ ನಡೀಬೇಕು’ ಎಂದರೆ ಇದೇ ಇರಬೇಕು.

ನನಗೆ ಸಂಭ್ರಮವಾಯಿತು. ಆದರೆ ಮೇಷ್ಟರ ಜಾತಿಯವಳು, ಲೆಕ್ಕ ಬಿಡುತ್ತದೆಯೇ? ಅವ್ವ ಆಗ 45 ಕಿಲೋ ಇದ್ದಿರಬಹುದು. ಐದನೇ ಒಂದು ಪಾಲೆಂದರೆ ಒಂಬತ್ತು ಕಿಲೋ. ನೀರು ತುಂಬಿದ ತಾಮ್ರದ ಕೊಡ ಹದಿನೈದು ಕಿಲೋ ದಾಟುತ್ತದೆ, ಸೊಂಟದ ಬಿಂದಿಗೆ ಬೇರೆ. ಪುಕ್ಕಟೆಯ ಗಡಿಯನ್ನು ಅವಳು ದಿನವೂ ದಾಟುತ್ತಿದ್ದಳು. ಮುಂದೆ, 2010ರಲ್ಲಿ, ದಕ್ಷಿಣ ಆಫ್ರಿಕಾದ ಕೋಸಾ ಹೆಂಗಸರ ಮೇಲೆ ನಡೆದ ಅಧ್ಯಯನ ಇನ್ನೂ ಎಚ್ಚರಿಕೆ ಹೇಳಿತು. ಅಲ್ಲಿ ಸರಾಸರಿಯಲ್ಲಿ ಅಂಥ ಉಳಿತಾಯ ಕಾಣಲಿಲ್ಲ. ಒಬ್ಬೊಬ್ಬರದು ಒಂದೊಂದು ಬಗೆ. ತಲೆಹೊರೆಯಿಂದ ಬರುವ ಕತ್ತು ನೋವನ್ನೂ ಸಂಶೋಧಕರು ದಾಖಲಿಸಿದ್ದಾರೆ. ಉಸಿರಿನ ಲೆಕ್ಕ ಒಂದು, ಮೂಳೆಯ ಲೆಕ್ಕ ಮತ್ತೊಂದು. ಜಾಣತನದಿಂದ ಹೊತ್ತಳೆಂದ ಮಾತ್ರಕ್ಕೆ ಹೊರೆ ಹಗುರವಾಗಿರಲಿಲ್ಲ.

ಆ ರಜೆಯಲ್ಲಿ ಒಂದು ಸಂಜೆ ಕೀನ್ಯಾದ ಸಂಗತಿಯನ್ನು ಅವ್ವನಿಗೆ ಬಿಡಿಸಿ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಪೂರ್ತಿ ಕೇಳಿದಳು. ಆಮೇಲೆ ಕೇಳಿದ್ದು ಒಂದೇ ಮಾತು:

“ಅವ್ರು ಮಿಸೀನ್ ಮ್ಯಾಲೆ ನಡೀತಿದ್ದಾಗ ಅವ್ರ ಮನೀಗೆ ನೀರು ಯಾರು ತಂದ್ರು?”

ನನಗೂ ಮಗಳಿಗೂ ಉತ್ತರ ತಿಳಿಯಲಿಲ್ಲ. ಅದೇ ಹೊತ್ತೆಂದು ಡಾಕ್ಟರ ಹತ್ತಿರ ನಾನಾಡಿದ ಮಾತನ್ನು ನೆನಪಿಸಿ, “ತಪ್ಪಾಯ್ತವ್ವ” ಎಂದೆ. ಅವಳಿಗೆ ಅದು ನೆನಪೇ ಇರಲಿಲ್ಲವೋ, ಇಲ್ಲದಂತೆ ನಟಿಸಿದಳೋ. “ಮತ್ತೇನಂತ ಹೇಳಾಕಾಗ್ತಿತ್ತು, ಬಿಡು” ಎಂದು ಮೊರ ಎತ್ತಿಕೊಂಡಳು. 2011ರಲ್ಲಿ ತೀರಿಕೊಂಡಳು. ಆ ತಾಮ್ರದ ಕೊಡ ನನ್ನ ದೇವರ ಮನೆಯ ಮೂಲೆಯಲ್ಲಿದೆ. ಅದರಲ್ಲಿ ನೀರು ತುಂಬಿ ಎತ್ತಿ ನೋಡಿದೆ ಒಮ್ಮೆ; ತಲೆಯವರೆಗೆ ಏರಿಸಲು ನನ್ನ ಕೈಲಾಗಲಿಲ್ಲ.

ಅಂದಿನಿಂದ ನಾನು ಪಾಠ ಮಾಡುವ ಕ್ರಮ ಬದಲಾಯಿತು. ಸೂತ್ರ ಬಿಡಲಿಲ್ಲ, ಸೂತ್ರ ಸರಿಯಾಗಿಯೇ ಇದೆ. ಬೋರ್ಡಿನ ನಡುವೆ ಗೆರೆ ಎಳೆದು ಒಂದು ಕಡೆ ‘ಹೊರೆಯ ಲೆಕ್ಕ’, ಇನ್ನೊಂದು ಕಡೆ ‘ಹೊತ್ತವರ ಲೆಕ್ಕ’ ಎಂದು ಬರೆಯುತ್ತಿದ್ದೆ. ಮೊದಲನೆಯದರಲ್ಲಿ ಸೊನ್ನೆ. ಎರಡನೆಯದನ್ನು ಹುಡುಗಿಯರೇ ತುಂಬಬೇಕು: ಹೆಜ್ಜೆಗೊಮ್ಮೆ ಏಳುವ ಮೈ, ಕತ್ತಿನ ಬಿಗಿತ, ಬೆವರು, ಉಸಿರು, ಹಸಿವು. ತೂಕಡಿಸುವವರು ಆಗಲೂ ಕಣ್ಣು ಬಿಡುತ್ತಿದ್ದರು. ಮರುದಿನ ಬಂದು “ಮಿಸ್, ನಮ್ಮಮ್ಮ ಗ್ಯಾಸ್ ಸಿಲಿಂಡರ್ ಉರುಳಿಸೋದು ಯಾವ ಲೆಕ್ಕ? ಮಗು ಎತ್ತಿಕೊಂಡು ನಿಂತಿರೋದು ಯಾವ ಲೆಕ್ಕ?” ಎಂದು ಕೇಳುತ್ತಿದ್ದರು. 2017ರಲ್ಲಿ ನಿವೃತ್ತಳಾಗುವವರೆಗೂ ಆ ಗೆರೆ ಎಳೆದೆ.

ಮೂರನೇ ಬೆಂಚಿನ ಆ ಹುಡುಗಿಗೆ ಈಗ ಐವತ್ತು ದಾಟಿರಬೇಕು. ಮೊಮ್ಮಕ್ಕಳೂ ಇರಬಹುದು. ಅವಳ ಮನೆಯೊಳಗೆ ನಲ್ಲಿ ಬಂದಿರಲಿ ಎಂದು ಆಸೆ. ಅವಳ ಉತ್ತರಪತ್ರಿಕೆ ಇವತ್ತು ನನ್ನ ಕೈಗೆ ಬಂದರೂ ಪೂರ್ತಿ ಎರಡು ಅಂಕ ಕೊಡಲಾರೆ, ಸೂತ್ರ ಬರೆದಿರಲಿಲ್ಲ. ಆದರೆ ಒಂದಂಕ ಅವಳದ್ದೇ. ನಾನದನ್ನು ಕೊಟ್ಟಿಲ್ಲ, ಇಷ್ಟು ವರ್ಷ ಬಾಕಿ ಉಳಿಸಿಕೊಂಡಿದ್ದೇನೆ.